ಲಿಂಕ್: ಒಂದು ಪದವನ್ನು ಬೇರಿನವರೆಗೆ ಹಿಂಬಾಲಿಸುವ ಕ್ರಮ

‘ಲಿಂಕ್ ಕಳಿಸಿ’, ‘ಖಾತೆಗೆ ಲಿಂಕ್ ಆಗಿದೆ’, ‘ಇದಕ್ಕೂ ಅದಕ್ಕೂ ಏನೋ ಲಿಂಕ್ ಇದೆ’. ಹೀಗೆ ಮಾತಾಡುವಾಗ ಯಾರಿಗೂ ನಿಘಂಟು ಬೇಕಾಗುವುದಿಲ್ಲ. ಓದಲು ಕೂತಾಗ ಮಾತ್ರ ಈ ಪದ ಕೈಗೆ ಸಿಗದೆ ಜಾರತೊಡಗುತ್ತದೆ. ಹಳೆಯ ಭೂಮಾಪನ ಪತ್ರದಲ್ಲಿ ‘650 ಲಿಂಕ್’ ಎಂದಿರುತ್ತದೆ. ಯಂತ್ರಶಾಸ್ತ್ರದ ಪಠ್ಯದಲ್ಲಿ ಲಿಂಕ್ ಎಂದರೆ ಬಾಗದ ಸರಳು. ಆರೋಗ್ಯದ ಸುದ್ದಿಯಲ್ಲಿ ‘ಲಿಂಕ್ಡ್ ಟು’ ಎಂಬ ಎರಡು ಪದ ಇಡೀ ವಾಕ್ಯದ ಹಣೆಬರಹವನ್ನೇ ತೀರ್ಮಾನಿಸುತ್ತವೆ. ಗಾಲ್ಫ್ ವರದಿಯ ‘ಲಿಂಕ್ಸ್’ಗೂ ಜೋಡಣೆಗೂ ಯಾವ ಸಂಬಂಧವೂ ಇಲ್ಲ.

ಈ ಪದವನ್ನು ಒಮ್ಮೆ ಸರಿಯಾಗಿ ಬಿಡಿಸಿಕೊಂಡರೆ ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಬೇಕಾಗುವ ಸಲಕರಣೆ ಹೆಚ್ಚಿಲ್ಲ: ದೊಡ್ಡದೊಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು, ಪದಗಳ ವ್ಯುತ್ಪತ್ತಿ ಕೊಡುವ ಇನ್ನೊಂದು ನಿಘಂಟು, ಒಂದು ಹಾಳೆ, ಪೆನ್ಸಿಲು. ಕಿಸೆ ಗಾತ್ರದ ಇಂಗ್ಲಿಷ್–ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದು ‘ಕೊಂಡಿ, ಸಂಬಂಧ, ಜೋಡಿಸು’ ಎಂದು ಮೂರು ಪದ ಕೊಟ್ಟು ಸುಮ್ಮನಾಗುತ್ತದೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹಂತ 1: ಒಂದೇ ರೂಪದ ಬೇರೆ ಪದಗಳನ್ನು ಮೊದಲು ಬೇರ್ಪಡಿಸಿ

ದೊಡ್ಡ ನಿಘಂಟಿನಲ್ಲಿ ‘ಲಿಂಕ್’ ಒಂದೇ ಕಡೆ ಸಿಗುವುದಿಲ್ಲ. ಪದದ ಹೆಗಲ ಮೇಲೆ ಚಿಕ್ಕದಾಗಿ 1, 2 ಎಂಬ ಅಂಕಿ ಹೊತ್ತು ಬೇರೆ ಬೇರೆ ನಮೂದುಗಳಾಗಿ ನಿಂತಿರುತ್ತದೆ. ಆ ಅಂಕಿಯ ಮೇಲೆ ಕಣ್ಣು ಹಾಯಿಸದೆ ಮುಂದೆ ಹೋಗುವುದೇ ಮೊದಲ ತಪ್ಪು. ಒಂದೇ ಪದದ ಹಲವು ಅರ್ಥಗಳು ಒಂದೇ ನಮೂದಿನ ಒಳಗೆ ಬರುತ್ತವೆ. ಕಾಗುಣಿತ ಮಾತ್ರ ಒಂದಾಗಿ ಹುಟ್ಟು ಬೇರೆಯಾದ ಪದಗಳು ಬೇರೆ ನಮೂದಿನಲ್ಲಿ ಬರುತ್ತವೆ. ಕನ್ನಡದಲ್ಲಿ ‘ಅರಸು’ ಎಂದರೆ ರಾಜನೂ ಹೌದು, ಹುಡುಕು ಎಂಬ ಕ್ರಿಯೆಯೂ ಹೌದು. ಒಂದರಿಂದ ಇನ್ನೊಂದನ್ನು ವಿವರಿಸಲು ಯಾರೂ ಹೋಗುವುದಿಲ್ಲ.

ಮೊದಲನೆಯದು ಸರಪಳಿಯ ಕೊಂಡಿ. ನಾವು ಹಿಂಬಾಲಿಸಬೇಕಾದದ್ದು ಇದನ್ನೇ.

ಎರಡನೆಯದು ಪಂಜು. ನಾರಿನ ಸಿಂಬಿಯನ್ನು ರಾಳದಂಥ ಡಾಂಬರಿನಲ್ಲಿ ಅದ್ದಿ ಮಾಡಿದ ಪಂಜಿಗೆ 16ನೇ ಶತಮಾನದ ಇಂಗ್ಲಿಷಿನಲ್ಲಿ ‘ಲಿಂಕ್’ ಎಂಬ ಹೆಸರಿತ್ತು. ಬೀದಿದೀಪಗಳಿಲ್ಲದ ಕಾಲದ ಲಂಡನ್ನಿನಲ್ಲಿ ರಾತ್ರಿ ಹೊತ್ತು ಕಾಸು ಪಡೆದು ದಾರಿ ತೋರುತ್ತಿದ್ದ ಹುಡುಗನೇ ‘ಲಿಂಕ್‌ಬಾಯ್’. ಹಳೆಯ ಇಂಗ್ಲಿಷ್ ಕಥೆಗಳಲ್ಲಿ ಈ ಪದ ಕಂಡಾಗ ‘ಸಂಪರ್ಕ ಕಲ್ಪಿಸುವ ಹುಡುಗ’ ಎಂದು ಅನುವಾದಿಸಿದರೆ ಪುಟದಲ್ಲಿದ್ದ ಬೆಳಕೇ ಆರಿಹೋಗುತ್ತದೆ. ಅವನು ಪಂಜಿನ ಹುಡುಗ.

ಮೂರನೆಯದು ಗಾಲ್ಫಿನ ‘ಲಿಂಕ್ಸ್’. ಸಮುದ್ರ ತೀರದ, ಮರಳು ದಿಬ್ಬಗಳ, ಗಿಡ್ಡ ಹುಲ್ಲಿನ ನೆಲಕ್ಕೆ ಸ್ಕಾಟ್ಲೆಂಡಿನಲ್ಲಿ ಈ ಹೆಸರು. ಸೇಂಟ್ ಆಂಡ್ರ್ಯೂಸ್‌ನ ಹಳೆಯ ಗಾಲ್ಫ್ ಮೈದಾನ ಇಂಥ ನೆಲದ ಮೇಲಿದೆ. ಕಡಲನ್ನೂ ಬೇಸಾಯದ ಭೂಮಿಯನ್ನೂ ಜೋಡಿಸುವ ಪಟ್ಟಿಯಾದ್ದರಿಂದ ಲಿಂಕ್ಸ್ ಎಂಬ ವಿವರಣೆ ಬಹಳ ಕಡೆ ಸಿಗುತ್ತದೆ. ಕೇಳಲು ಸೊಗಸಾಗಿದೆ, ಆದರೆ ತಪ್ಪು. ಇದರ ಮೂಲ ಹಳೆಯ ಇಂಗ್ಲಿಷಿನ ‘ಹ್ಲಿಂಕ್’, ಅಂದರೆ ದಿಬ್ಬ, ಏರು. ಇದನ್ನು ನೆನಪಿಡಿ, ಮೂರನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಕಾಡುಬೆಕ್ಕಿನ ಜಾತಿಯ ‘ಲಿಂಕ್ಸ್’ ಎಂಬ ಪ್ರಾಣಿ ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೆ. ಅದರ ಕಾಗುಣಿತ ಬೇರೆ, ಮೂಲ ಗ್ರೀಕ್.

ಹಂತ 2: ವಸ್ತುವಿನ ಚಿತ್ರವನ್ನು ಕಣ್ಣಿಗೆ ತಂದುಕೊಳ್ಳಿ

ಅಮೂರ್ತ ಅರ್ಥಗಳಿಗೆ ಆತುರಪಡಬೇಡಿ. ಒಂದು ಕಬ್ಬಿಣದ ಸರಪಳಿಯನ್ನು ಕೈಯಲ್ಲಿ ಹಿಡಿದು ಒಂದೇ ಒಂದು ಕೊಂಡಿಯನ್ನು ನೋಡಿ. ಅದು ತಾನೇ ಒಂದು ಪೂರ್ಣ ವಸ್ತು. ಪಕ್ಕದ ಕೊಂಡಿಗೆ ಅದನ್ನು ಬೆಸೆದಿಲ್ಲ, ಅಂಟಿಸಿಲ್ಲ. ಒಂದರೊಳಗೆ ಒಂದು ಸೇರಿಕೊಂಡಿದೆ. ಆದ್ದರಿಂದಲೇ ಎರಡೂ ಅಲುಗಾಡಬಲ್ಲವು, ತಿರುಗಬಲ್ಲವು, ಆದರೂ ಬಿಟ್ಟುಹೋಗಲಾರವು. ಎಳೆದಾಗ ಒಂದರ ಮೇಲಿನ ಎಳೆತ ಅಷ್ಟಕ್ಕಷ್ಟೇ ಮುಂದಿನದಕ್ಕೆ ದಾಟುತ್ತದೆ. ನೂರು ಕೊಂಡಿಗಳಿದ್ದರೆ ನೂರಕ್ಕೂ ಅದೇ ಎಳೆತ. ಹಾಗಾಗಿ ಎಲ್ಲಕ್ಕಿಂತ ಸೊರಗಿದ ಕೊಂಡಿ ಎಷ್ಟು ತಡೆಯುತ್ತದೋ ಸರಪಳಿಯೂ ಅಷ್ಟೇ ತಡೆಯುತ್ತದೆ. ‘ವೀಕೆಸ್ಟ್ ಲಿಂಕ್’ ಎಂಬ ನುಡಿಗಟ್ಟು ಬರೀ ಅಲಂಕಾರವಲ್ಲ, ಅದರ ಹಿಂದೆ ಈ ಲೆಕ್ಕವಿದೆ.

ಹಾಳೆಯ ಮೇಲೆ ಮೂರು ಗುಣ ಬರೆದಿಟ್ಟುಕೊಳ್ಳಿ: ಬಿಡಿಯಾದ ತುಂಡು, ಕೀಲಿನಂತೆ ಆಡುವ ಜೋಡಣೆ, ಸಾಲಿನಲ್ಲಿ ಒಂದು ಸ್ಥಾನ. ಮುಂದೆ ಯಾವ ಹೊಸ ಅರ್ಥ ಎದುರಾದರೂ ಈ ಮೂರರಲ್ಲಿ ಯಾವುದು ಉಳಿದಿದೆ, ಯಾವುದು ಕಳೆದುಹೋಗಿದೆ ಎಂದು ಕೇಳಿಕೊಂಡರೆ ಅರ್ಥದ ಹಾದಿ ತಾನಾಗಿ ಕಾಣುತ್ತದೆ. ಅಂಗಿಯ ಕೈಪಟ್ಟಿಯ ‘ಕಫ್‌ಲಿಂಕ್’ನಲ್ಲಿ ಮೊದಲೆರಡು ಗುಣಗಳಿವೆ, ಸಾಲಿಲ್ಲ. ಸಾಲಾಗಿ ತಿರುಚಿ ಕಟ್ಟಿದ ಸಾಸೇಜಿನ ಒಂದು ತುಂಡನ್ನೂ ಲಿಂಕ್ ಎನ್ನುತ್ತಾರೆ. ಅಲ್ಲಿ ಸಾಲಿದೆ, ಉಂಗುರವಿಲ್ಲ.

ಹಂತ 3: ಹುಟ್ಟನ್ನು ಹಿಂದಕ್ಕೆ ಹಿಂಬಾಲಿಸಿ

ವ್ಯುತ್ಪತ್ತಿ ನಿಘಂಟನ್ನು ಇನ್ನು ತೆರೆಯಬಹುದು. ಜೋಡಿಸು ಎಂಬ ಕ್ರಿಯಾಪದವಾಗಿ ‘ಲಿಂಕ್’ 14ನೇ ಶತಮಾನದ ಕೊನೆಯ ಬರಹಗಳಲ್ಲೂ, ಸರಪಳಿಯ ಕೊಂಡಿ ಎಂಬ ನಾಮಪದವಾಗಿ 15ನೇ ಶತಮಾನದಲ್ಲೂ ಸಿಗುತ್ತದೆ. ಕ್ರಿಯಾಪದ ಮೊದಲು ದಾಖಲಾಗಿದ್ದರೂ ಅದು ನಾಮಪದದಿಂದಲೇ ಬಂದದ್ದು ಎನ್ನುತ್ತಾರೆ. ಇದರಲ್ಲಿ ವಿರೋಧವೇನಿಲ್ಲ. ಉಳಿದುಬಂದ ಹಸ್ತಪ್ರತಿಗಳಲ್ಲಿ ಯಾವುದು ಮೊದಲು ಕಾಣಿಸಿತು ಎಂಬುದು ಒಂದು ಮಾತು, ಬಾಯಲ್ಲಿ ಯಾವುದು ಮೊದಲು ಹುಟ್ಟಿತು ಎಂಬುದು ಇನ್ನೊಂದು. ನಿಘಂಟಿನ ಇಸವಿ ಹೇಳುವುದು ಮೊದಲನೆಯದನ್ನು ಮಾತ್ರ.

ಪದ ಬಂದದ್ದು ಸ್ಕ್ಯಾಂಡಿನೇವಿಯಾದ ಕಡೆಯಿಂದ. ಅಲ್ಲಿನ ಕಡಲಯೋಧರಾದ ವೈಕಿಂಗರು ಇಂಗ್ಲೆಂಡಿನಲ್ಲಿ ನೆಲೆಯೂರಿದ ಮೇಲೆ ‘ಸ್ಕೈ’, ‘ಎಗ್’, ‘ನೈಫ್’, ‘ಟೇಕ್’ ಮುಂತಾದ ದಿನಬಳಕೆಯ ಪದಗಳು ಇಂಗ್ಲಿಷಿಗೆ ಸೇರಿದವು. ಲಿಂಕ್ ಕೂಡ ಅದೇ ಗುಂಪಿನದು. ಸ್ವೀಡಿಷಿನ ‘ಲೆಂಕ್’, ಡೇನಿಶ್ ಮತ್ತು ನಾರ್ವೇಜಿಯನ್ನಿನ ‘ಲೆಂಕೆ’ ಅದರ ಹತ್ತಿರದ ನಂಟರು. ಐಸ್‌ಲ್ಯಾಂಡಿನಲ್ಲಿ ಅದೇ ಪದ ‘ಹ್ಲೆಕ್ಕುರ್’ ಎಂದಿದೆ. ಅಲ್ಲಿ ಅನುನಾಸಿಕ ಕ-ಕಾರದಲ್ಲಿ ಕರಗಿ ದ್ವಿತ್ವವಾಯಿತು. ಇಂಗ್ಲಿಷಿನ ‘ಡ್ರಿಂಕ್’ ಅಲ್ಲಿ ‘ದ್ರೆಕ್ಕಾ’ ಆಗಿರುವುದೂ ಇದೇ ಕಾರಣಕ್ಕೆ. ಆದರೆ ಐಸ್‌ಲ್ಯಾಂಡಿನ ಭಾಷೆ ಪದದ ಮೊದಲಿನ ಹ-ಕಾರವನ್ನು ಉಳಿಸಿಕೊಂಡಿದೆ. ಅದು ಬಹಳ ಬೆಲೆಬಾಳುವ ಸುಳಿವು.

ಪದ ಹೊರಗಿನಿಂದ ಬಂದದ್ದು ಎಂದು ಹೇಳುವುದು ಹೇಗೆ? ಕೊನೆಯ ಕ-ಕಾರವನ್ನು ನೋಡಿ. ದಕ್ಷಿಣ ಇಂಗ್ಲೆಂಡಿನ ಹಳೆಯ ಭಾಷೆಯಲ್ಲಿ ‘ಇ’, ‘ಎ’ ಸ್ವರಗಳ ನೆರೆಯ ಕ-ಕಾರ ಚ-ಕಾರವಾಗುತ್ತಿತ್ತು, ವೈಕಿಂಗರ ನಾರ್ಸ್ ಭಾಷೆಯಲ್ಲಿ ಕ-ಕಾರವಾಗಿಯೇ ಉಳಿಯುತ್ತಿತ್ತು. ‘ಡಿಚ್’ ಮತ್ತು ‘ಡೈಕ್’, ‘ಚರ್ಚ್’ ಮತ್ತು ಸ್ಕಾಟ್ಲೆಂಡಿನ ‘ಕರ್ಕ್’ ಹೀಗೆ ಹುಟ್ಟಿದ ಜೋಡಿಗಳು. ನಮ್ಮಲ್ಲಿ ಇದನ್ನು ಅರ್ಥಮಾಡಿಕೊಳ್ಳಲು ಕಷ್ಟಪಡಬೇಕಿಲ್ಲ: ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ಕನ್ನಡದ ‘ಗೆಯ್’ ತಮಿಳಿನಲ್ಲಿ ‘ಚೆಯ್’. ಹಳೆಯ ಇಂಗ್ಲಿಷಿನಲ್ಲೂ ಈ ಕುಟುಂಬದ ಒಂದು ಪದ ಇತ್ತು: ‘ಹ್ಲೆಂಚನ್’, ಉಂಗುರಗಳನ್ನು ಹೆಣೆದ ಯುದ್ಧಕವಚ. ಅದು ಇಂದಿನವರೆಗೆ ಬದುಕಿದ್ದರೆ ಅದರ ಕೊನೆಯಲ್ಲಿ ಚ-ಕಾರ ಇರುತ್ತಿತ್ತು. ದಿಬ್ಬ ಎಂಬ ಅರ್ಥದ ‘ಹ್ಲಿಂಕ್’ಗೆ ಆದದ್ದೂ ಅದೇ: ಅದು ದಕ್ಷಿಣದಲ್ಲಿ ‘ಲಿಂಚ್’ ಆಯಿತು, ಉತ್ತರದ ಸ್ಕಾಟ್ಲೆಂಡಿನಲ್ಲಿ ‘ಲಿಂಕ್ಸ್’ ಆಗಿ ಉಳಿಯಿತು.

ಇನ್ನೂ ಹಿಂದೆ ಹೋದರೆ ನಿಘಂಟಿನಲ್ಲಿ ನಕ್ಷತ್ರ ಚಿಹ್ನೆ ಹೊತ್ತ ರೂಪಗಳು ಬರುತ್ತವೆ. ನಕ್ಷತ್ರವಿದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಅದೇ ಮೂಲದಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ಪುನಾರಚಿಸಿದ್ದು ಎಂದರ್ಥ. ಇಲ್ಲಿ ಸಿಗುವ ಮೂಲ ಧಾತು ‘ಕ್ಲೆಂಗ್’. ಅರ್ಥ: ಬಾಗು, ತಿರುಗು. ಅಂದರೆ ಪದದ ಬೇರಿನಲ್ಲಿ ಜೋಡಣೆಯ ಮಾತೇ ಇಲ್ಲ, ಬಾಗುವಿಕೆಯ ಮಾತಿದೆ. ಸರಳನ್ನು ಬಗ್ಗಿಸಿದಾಗ ಕೊಂಡಿ. ಜರ್ಮನ್ನಿನಲ್ಲಿ ಈ ಅರ್ಥ ಇಂದಿಗೂ ಜೀವಂತ: ‘ಗೆಲೆಂಕ್’ ಎಂದರೆ ಮೈಯ ಕೀಲು, ‘ಲೆಂಕೆನ್’ ಎಂದರೆ ತಿರುಗಿಸಿ ನಡೆಸು, ಕಾರಿನ ಸ್ಟೀರಿಂಗ್ ಚಕ್ರ ‘ಲೆಂಕ್‌ರಾಡ್’. ಪಕ್ಕೆ ಎಂಬರ್ಥದ ಇಂಗ್ಲಿಷ್ ‘ಫ್ಲ್ಯಾಂಕ್’ ಕೂಡ ಇದೇ ಕುಟುಂಬದ್ದೆಂದು ಎಣಿಸುತ್ತಾರೆ. ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಮೈ ಬಾಗುವ ಜಾಗ ಅದು. ಜರ್ಮಾನಿಕ್ (ಇಂಗ್ಲಿಷ್, ಜರ್ಮನ್, ಸ್ಕ್ಯಾಂಡಿನೇವಿಯಾದ ಭಾಷೆಗಳ ಕುಟುಂಬ) ಮೂಲದ ‘ಹ್ಲ’ ಎಂಬ ಒತ್ತಕ್ಷರ ಫ್ರೆಂಚ್ ಬಾಯಲ್ಲಿ ‘ಫ್ಲ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು.

ಕನ್ನಡದ ‘ಕೊಂಡಿ’ಯನ್ನೂ ಇಲ್ಲಿ ಒಮ್ಮೆ ನೆನೆಯಬೇಕು. ಬಾಗಿಲ ಕೊಂಡಿ, ಸರದ ಕೊಂಡಿ, ಚೇಳಿನ ಕೊಂಡಿ ಎಲ್ಲದರಲ್ಲೂ ಕಣ್ಣಿಗೆ ಬೀಳುವುದು ಬಾಗಿದ ಆಕಾರವೇ. ಎರಡು ಭಾಷೆಗಳ ನಡುವೆ ರಕ್ತಸಂಬಂಧ ಇಲ್ಲ. ಆದರೂ ಎರಡೂ ಒಂದೇ ವಸ್ತುವನ್ನು ಒಂದೇ ಕಣ್ಣಿನಿಂದ ನೋಡಿವೆ. ಲಿಂಕ್‌ಗೆ ಕೊಂಡಿ ಎಂಬ ಅನುವಾದ ಅಷ್ಟು ಚೆನ್ನಾಗಿ ಒಗ್ಗುವುದಕ್ಕೆ ಇದೂ ಒಂದು ಕಾರಣ.

ಹಂತ 4: ಸದ್ದಿನ ಹೋಲಿಕೆಯನ್ನು ಪರೀಕ್ಷೆಗೆ ಒಡ್ಡಿ

ಹೆಚ್ಚು ಜನ ಎಡವುವ ಜಾಗ ಇದು. ಇಂಗ್ಲಿಷಿಗೂ ಗ್ರೀಕಿಗೂ ದೂರದ ನಂಟ ಭಾಷೆಯಾದ ಸಂಸ್ಕೃತದಲ್ಲಿ ‘ಲಗ್’ ಎಂಬ ಧಾತುವಿದೆ, ಅರ್ಥ ಅಂಟು, ಸೇರು. ಅದರಿಂದ ‘ಲಗ್ನ’, ‘ಸಂಲಗ್ನ’. ಲಿಂಕ್ ಇಲ್ಲಿಂದಲೇ ಹೋಯಿತು ಎಂದು ಹೇಳಿಬಿಡುವ ಆಸೆ ಸಹಜ, ಏಕೆಂದರೆ ಅರ್ಥವೂ ಹೊಂದುತ್ತದೆ, ಸದ್ದೂ ಹೊಂದುತ್ತದೆ.

ಪರೀಕ್ಷಿಸುವುದು ಹೀಗೆ. ಇಂದಿನ ಇಂಗ್ಲಿಷಿನ ಮೊದಲ ಅಕ್ಷರವನ್ನು ಹಾಗೇ ಹೋಲಿಸಬೇಡಿ, ಸಿಗುವಷ್ಟು ಹಳೆಯ ರೂಪವನ್ನು ಹೋಲಿಸಿ. ಲಿಂಕ್‌ನ ಮೊದಲಲ್ಲಿ ಹಿಂದೆ ಹ-ಕಾರ ಇತ್ತು ಎಂಬುದಕ್ಕೆ ಐಸ್‌ಲ್ಯಾಂಡಿನ ರೂಪ ಸಾಕ್ಷಿ. ಜರ್ಮಾನಿಕ್ ಭಾಷೆಗಳ ಪದಾದಿಯ ಹ-ಕಾರ ಇನ್ನೂ ಹಿಂದೆ ಕ-ಕಾರವಾಗಿತ್ತು. ಹಳಗನ್ನಡದ ‘ಪಾಲ್’, ‘ಪುಲಿ’ ಹೊಸಗನ್ನಡದಲ್ಲಿ ‘ಹಾಲು’, ‘ಹುಲಿ’ ಆದಂತೆ ಇದೂ ಸಾಲುಸಾಲಾಗಿ ನಡೆದ ಬದಲಾವಣೆ. ಕೆಲವು ಕಡೆಯ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುವಂತೆ ಇಂಗ್ಲಿಷೂ ಆಮೇಲೆ ಆ ಹ-ಕಾರವನ್ನು ಬಿಟ್ಟುಬಿಟ್ಟಿತು. ಹಾಗಾದರೆ ಲಿಂಕ್‌ಗೆ ಸಂಸ್ಕೃತದಲ್ಲಿ ನಂಟ ಪದವಿದ್ದರೆ ಅದು ಬರೀ ‘ಲ’ದಿಂದ ಶುರುವಾಗಲು ಸಾಧ್ಯವಿಲ್ಲ. ಅಲ್ಲಿ ‘ಕ್ಲ’, ‘ಕ್ರ’ ಅಥವಾ ‘ಶ್ರ’ದಂಥ ಒತ್ತಕ್ಷರ ಇರಬೇಕು. ‘ಲಗ್’ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

ನಿಯಮ ನಿಜವೇ ಎಂದು ಬೇರೆ ಪದಗಳ ಮೇಲೆ ಹಾಕಿ ನೋಡಿ. ಗಟ್ಟಿ ದನಿ ಎಂಬ ಅರ್ಥದ ‘ಲೌಡ್’ ಹಳೆಯ ಇಂಗ್ಲಿಷಿನಲ್ಲಿ ‘ಹ್ಲೂಡ್’, ಗ್ರೀಕಿನಲ್ಲಿ ಅದರ ನಂಟ ‘ಕ್ಲುಟೋಸ್’, ಸಂಸ್ಕೃತದಲ್ಲಿ ‘ಶ್ರುತ’. ಒರಗು ಎಂಬ ‘ಲೀನ್’ ಹಿಂದೆ ‘ಹ್ಲಿನಿಯನ್’, ಗ್ರೀಕಿನಲ್ಲಿ ‘ಕ್ಲೀನೋ’, ಸಂಸ್ಕೃತದಲ್ಲಿ ‘ಶ್ರಿ’ ಧಾತು; ನಮ್ಮ ‘ಆಶ್ರಯ’ ಅದರಿಂದಲೇ ಬಂದದ್ದು. ಸದ್ದು ಇಷ್ಟು ದೂರವಾದ ‘ಲೌಡ್’ ಮತ್ತು ‘ಶ್ರುತ’ ಒಂದೇ ಬೇರಿನವು, ಸದ್ದು ಇಷ್ಟು ಹತ್ತಿರವಾದ ‘ಲಿಂಕ್’ ಮತ್ತು ‘ಲಗ್ನ’ ಬೇರೆ ಬೇರೆ. ನಂಟು ಗೊತ್ತಾಗುವುದು ಕ್ರಮಬದ್ಧವಾದ ವ್ಯತ್ಯಾಸದಿಂದ, ಹೋಲಿಕೆಯಿಂದ ಅಲ್ಲ. ಇದೊಂದು ಮಾತು ಮನಸ್ಸಿಗೆ ಹತ್ತಿದರೆ ಸಾಕು, ತಪ್ಪು ವ್ಯುತ್ಪತ್ತಿಗಳಲ್ಲಿ ಮುಕ್ಕಾಲು ಪಾಲು ಉದುರಿಹೋಗುತ್ತವೆ.

ಹಂತ 5: ವಿಷಯಕ್ಕೆ ತಕ್ಕ ಅರ್ಥವನ್ನು ಗುರುತಿಸಿ

ಭೂಮಾಪನದಲ್ಲಿ ಲಿಂಕ್ ಒಂದು ಅಳತೆ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ ಸರಪಳಿಯ ಉದ್ದ 66 ಅಡಿ. ಅದರಲ್ಲಿ 100 ಕೊಂಡಿ, ಒಂದೊಂದು ಕೊಂಡಿ 7.92 ಅಂಗುಲ, ಅಂದರೆ ಸುಮಾರು 20.12 ಸೆಂಟಿಮೀಟರ್. ಈ ವಿಚಿತ್ರ ಸಂಖ್ಯೆಯ ಹಿಂದೆ ಜಾಣ್ಮೆಯಿದೆ. 80 ಸರಪಳಿಗೆ 1 ಮೈಲಿ, 10 ಚದರ ಸರಪಳಿಗೆ 1 ಎಕರೆ. ಹಾಗಾಗಿ 1,00,000 ಚದರ ಲಿಂಕ್ ಎಂದರೆ ಸರಿಯಾಗಿ 1 ಎಕರೆ. 650 ಲಿಂಕ್ ಉದ್ದ, 400 ಲಿಂಕ್ ಅಗಲದ ಹೊಲವಿದ್ದರೆ ಗುಣಿಸಿದಾಗ 2,60,000. ಐದು ಸ್ಥಾನ ಬಿಟ್ಟು ದಶಾಂಶ ಚುಕ್ಕಿ ಇಟ್ಟರೆ 2.6 ಎಕರೆ. ಭಾಗಾಕಾರವೇ ಬೇಡ.

ಇಲ್ಲಿ ಕೆಡುವುದು ಎಲ್ಲಿ? ಸರಪಳಿ ಒಂದೇ ಬಗೆಯದಲ್ಲ. ಎಂಜಿನಿಯರರ ಸರಪಳಿ 100 ಅಡಿಯದು, ಅದರಲ್ಲೂ 100 ಕೊಂಡಿ, ಹಾಗಾಗಿ ಅಲ್ಲಿ 1 ಲಿಂಕ್ ಎಂದರೆ 1 ಅಡಿ. ಮೆಟ್ರಿಕ್ ಸರಪಳಿಯಲ್ಲಿ ಲಿಂಕ್ 20 ಸೆಂಟಿಮೀಟರ್. 20 ಮೀಟರಿನದಕ್ಕೆ 100 ಕೊಂಡಿ, 30 ಮೀಟರಿನದಕ್ಕೆ 150. ಗುಂಟರ್ ಲಿಂಕನ್ನು ಎಂಜಿನಿಯರರ ಲಿಂಕ್ ಎಂದು ಓದಿಬಿಟ್ಟರೆ ಉದ್ದ ಒಂದೂವರೆ ಪಟ್ಟಾಗುತ್ತದೆ, ವಿಸ್ತೀರ್ಣ ಸುಮಾರು 2.3 ಪಟ್ಟು. ಆದ್ದರಿಂದ ಹಳೆಯ ಪತ್ರ ಓದುವಾಗ ‘ಎಷ್ಟು ಲಿಂಕ್’ ಎನ್ನುವುದಕ್ಕಿಂತ ಮೊದಲು ‘ಯಾವ ಸರಪಳಿಯ ಲಿಂಕ್’ ಎಂದು ನೋಡಿ. ಅದೇ ಪತ್ರದಲ್ಲಿ ಎಕರೆ ಲೆಕ್ಕವೂ ಇದ್ದರೆ ಮೇಲಿನಂತೆ ಗುಣಿಸಿ ತಾಳೆ ಹಾಕಬಹುದು.

ಸರಪಳಿಯೂ ಹಳತಾಗುತ್ತದೆ. ಕೊಂಡಿಗಳ ನಡುವಿನ ಬಳೆಗಳು ಬಾಯಿಬಿಟ್ಟರೆ ಅದು ಉದ್ದವಾಗುತ್ತದೆ, ಕೊಂಡಿ ಬಾಗಿದರೆ ಗಿಡ್ಡವಾಗುತ್ತದೆ. ಉದ್ದವಾದ ಸರಪಳಿಯಿಂದ ಅಳೆದರೆ ಸಿಗುವ ಸಂಖ್ಯೆ ನಿಜಕ್ಕಿಂತ ಕಡಿಮೆ. 100ರ ಬದಲು 100.5 ಲಿಂಕ್ ಆಗಿರುವ ಸರಪಳಿ 1000 ಎಂದು ತೋರಿಸಿದರೆ ನಿಜವಾದ ದೂರ 1005 ಲಿಂಕ್. ಸೈಕಲ್ ಚೈನಿನ ಕಥೆಯೂ ಇದೇ: ಚೈನು ‘ಜಗ್ಗಿದೆ’ ಎನ್ನುವಾಗ ಪಟ್ಟಿಗಳು ಹಿಗ್ಗಿರುವುದಿಲ್ಲ, ಅವುಗಳ ನಡುವಿನ ಪಿನ್ನು ಸವೆದಿರುತ್ತದೆ. ಅಂದಹಾಗೆ, ಸೈಕಲ್ ಚೈನಿನ ಲಿಂಕ್ ಎಣಿಸುವಾಗ ಪಿನ್ನಿನಿಂದ ಪಿನ್ನಿಗಿರುವ ಅರ್ಧ ಅಂಗುಲಕ್ಕೆ, ಅಂದರೆ 12.7 ಮಿಲಿಮೀಟರಿಗೆ ಒಂದು ಲಿಂಕ್ ಎಂಬ ಲೆಕ್ಕ ರೂಢಿ. ಒಳಪಟ್ಟಿ, ಹೊರಪಟ್ಟಿ ಸೇರಿಸಿ ಒಂದು ಎಂದು ಎಣಿಸಿದವರಿಗೆ ಪೊಟ್ಟಣದ ಮೇಲಿನ ಸಂಖ್ಯೆ ಎರಡು ಪಟ್ಟು ಕಾಣುತ್ತದೆ.

ಯಂತ್ರಶಾಸ್ತ್ರದಲ್ಲಿ ಉಂಗುರದ ಆಕಾರ ಪೂರ್ತಿ ಮಾಯವಾಗಿ ಕೀಲಿನ ಗುಣ ಮಾತ್ರ ಉಳಿಯಿತು. ಅಲ್ಲಿ ಲಿಂಕ್ ಎಂದರೆ ಇನ್ನೊಂದಕ್ಕೆ ಕೀಲಿನಿಂದ ಸೇರಿದ, ತಾನು ಬಾಗದ ಭಾಗ. ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದ ಸಮಾಂತರ ಚಲನೆಯ ಜೋಡಣೆ ಇಂಥ ಲಿಂಕ್‌ಗಳಿಂದಲೇ ಉಗಿಯಂತ್ರದ ಪಿಸ್ಟನ್ ದಂಡವನ್ನು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ನಡೆಸುತ್ತಿತ್ತು. ವಿದ್ಯಾರ್ಥಿಗಳು ಮಾಡುವ ಖಾಯಂ ತಪ್ಪು ಎಂದರೆ ನಾಲ್ಕು ಲಿಂಕ್‌ಗಳ ಯಂತ್ರದಲ್ಲಿ ಮೂರನ್ನೇ ಎಣಿಸುವುದು. ಅಲುಗಾಡುವ ಮೂರು ಸರಳು ಕಣ್ಣಿಗೆ ಬೀಳುತ್ತವೆ. ಕದಲದೆ ನಿಂತ ತಳಹದಿಯೂ ಒಂದು ಲಿಂಕ್ ಎಂಬುದು ಮರೆತುಹೋಗುತ್ತದೆ. ಒಂದೇ ಸಮತಲದಲ್ಲಿ ಆಡುವ ಯಂತ್ರದ ಚಲನ ಸ್ವಾತಂತ್ರ್ಯ ಲೆಕ್ಕ ಹಾಕಲು ಲಿಂಕ್‌ಗಳ ಸಂಖ್ಯೆಯಿಂದ 1 ಕಳೆದು 3ರಿಂದ ಗುಣಿಸಿ, ಕೀಲುಗಳ ಸಂಖ್ಯೆಯ ಎರಡರಷ್ಟನ್ನು ಅದರಿಂದ ಕಳೆಯಬೇಕು. 4 ಲಿಂಕ್, 4 ಕೀಲು ಇದ್ದರೆ 9 ಕಳೆ 8, ಉತ್ತರ 1: ಒಂದು ಸರಳನ್ನು ತಿರುಗಿಸಿದರೆ ಉಳಿದವು ನಿಶ್ಚಿತವಾಗಿ ಚಲಿಸುತ್ತವೆ. ಲಿಂಕ್ 3 ಎಂದುಕೊಂಡರೆ ಉತ್ತರ ಋಣ 2 ಬಂದು, ಕಣ್ಣೆದುರು ಆಡುತ್ತಿರುವ ಯಂತ್ರ ಆಡಲಾರದು ಎಂದಾಗುತ್ತದೆ.

ತಳಿಶಾಸ್ತ್ರದ ‘ಲಿಂಕೇಜ್’ ಬೇರೆ ಥರ. ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇರುವ ಜೀನ್‌ಗಳು ಮುಂದಿನ ಪೀಳಿಗೆಗೆ ಹೆಚ್ಚಾಗಿ ಜೊತೆಯಲ್ಲೇ ಹೋಗುತ್ತವೆ. ಹತ್ತಿರವಿದ್ದಷ್ಟೂ ಬೇರೆಯಾಗುವುದು ಅಪರೂಪ. ಈ ಲೆಕ್ಕದ ಮೇಲೆ ತಳಿವಿಜ್ಞಾನಿ ಆಲ್‌ಫ್ರೆಡ್ ಸ್ಟರ್ಟಿವಂಟ್ 1913ರಲ್ಲಿ ಹಣ್ಣುನೊಣದ ಮೊದಲ ಜೀನ್ ನಕ್ಷೆ ಪ್ರಕಟಿಸಿದರು.

ವೆಬ್‌ನ ಲಿಂಕ್ ಮಾತ್ರ ಹಳೆಯ ಚಿತ್ರವನ್ನು ಒಂದು ಮುಖ್ಯ ವಿಷಯದಲ್ಲಿ ಮುರಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ನೆಗೆಯಬಹುದಾದ ಬರಹಕ್ಕೆ ಟೆಡ್ ನೆಲ್ಸನ್ 1965ರಲ್ಲಿ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರು ಕೊಟ್ಟರು, ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ವೆಬ್‌ನ ಪ್ರಸ್ತಾವ ಮುಂದಿಟ್ಟರು. ಸರಪಳಿಯ ಕೊಂಡಿಯನ್ನು ಎರಡೂ ಕಡೆಯಿಂದ ಎಳೆಯಬಹುದು. ವೆಬ್ ಲಿಂಕ್ ಒಮ್ಮುಖ. ಮೊದಲ ಪುಟಕ್ಕೆ ಎರಡನೆಯದರ ವಿಳಾಸ ಗೊತ್ತು, ಎರಡನೆಯದಕ್ಕೆ ಮೊದಲನೆಯದು ಇದೆ ಎಂಬುದೂ ಗೊತ್ತಿರಬೇಕಿಲ್ಲ. ಅದರಿಂದಲೇ ‘ಡೆಡ್ ಲಿಂಕ್’ ಹುಟ್ಟುವುದು. ಎರಡನೆಯ ಪುಟವನ್ನು ಅಳಿಸಿದರೂ ಸ್ಥಳಾಂತರಿಸಿದರೂ ಮೊದಲನೆಯದಕ್ಕೆ ಸುದ್ದಿ ಮುಟ್ಟುವುದಿಲ್ಲ, ಒತ್ತಿದವರಿಗೆ ‘ಪುಟ ಸಿಗಲಿಲ್ಲ’ ಎಂಬರ್ಥದ 404 ಎಂಬ ಉತ್ತರ ಬರುತ್ತದೆ. ಪುಟ ಸ್ಥಳ ಬದಲಿಸುವವರು ಹಳೆಯ ವಿಳಾಸದಲ್ಲಿ 301 ಎಂಬ ಶಾಶ್ವತ ಮರುನಿರ್ದೇಶನ ಇಟ್ಟರೆ ಈ ತೊಂದರೆ ತಪ್ಪುತ್ತದೆ. ಪುಟ ರಚಿಸಲು ಕಲಿಯುವವರಿಗೆ ಇನ್ನೊಂದು ಬಲೆ ಇದೆ: ಒತ್ತುವ ಲಿಂಕ್‌ಗೆ ಬಳಸುವ ಟ್ಯಾಗ್, ಅಂದರೆ ಪುಟದ ಸಂಕೇತದಲ್ಲಿ ಬರೆಯುವ ಗುರುತು, ‘ಎ’, ಅದು ‘ಆ್ಯಂಕರ್’ ಎಂಬುದರ ಮೊದಲಕ್ಷರ. ‘ಲಿಂಕ್’ ಎಂಬ ಹೆಸರಿನದೇ ಟ್ಯಾಗ್ ಬೇರೆ ಇದೆ; ಅದು ಶೈಲಿಯ ಕಡತದಂಥವನ್ನು ಪುಟಕ್ಕೆ ಸೇರಿಸಲು, ತೆರೆಯ ಮೇಲೆ ಕಾಣುವುದೇ ಇಲ್ಲ.

ಹಂತ 6: ವಾಕ್ಯದಲ್ಲಿ ಅದರ ಜೊತೆಗಾರರನ್ನು ನೋಡಿ

ಉಚ್ಚಾರ ಮೊದಲು. ‘ಲಿಂಕ್’ ಎಂದು ಅನುಸ್ವಾರ ಹಾಕಿ ಬರೆದಾಗ ಕ-ಕಾರದ ಮುಂದಿನ ಅನುಸ್ವಾರ ತಾನಾಗಿ ‘ಙ’ ಆಗುತ್ತದೆ. ಇಂಗ್ಲಿಷ್ ಉಚ್ಚಾರವೂ ಅದೇ, ಆದ್ದರಿಂದ ನಮ್ಮ ಲಿಪಿಯಲ್ಲಿ ಪದ ಚಾಚೂ ತಪ್ಪದೆ ಕೂರುತ್ತದೆ. ಭೂತಕಾಲದ ರೂಪ ‘ಲಿಂಕ್ಟ್’ ಎಂದು ಕೇಳಬೇಕು, ‘ಲಿಂಕೆಡ್’ ಎಂದಲ್ಲ.

ಲಿಂಕ್ ಜೊತೆ ‘ಬಿಟ್ವೀನ್’ ಬಂದರೆ ಎರಡು ವಸ್ತುಗಳ ನಡುವೆ ‘ಆ್ಯಂಡ್’ ಬೇಕು, ‘ಟು’ ಅಲ್ಲ. ‘ಲಿಂಕ್ ಅಪ್’ ಎಂದರೆ ಬೇರೆಯಾಗಿದ್ದವು ಒಂದೆಡೆ ಬಂದು ಸೇರುವುದು. ವ್ಯಾಕರಣದ ‘ಲಿಂಕಿಂಗ್ ವರ್ಬ್’ ಕರ್ತೃವನ್ನು ಅದರ ವಿವರಣೆಗೆ ಸೇರಿಸುವ ಕ್ರಿಯಾಪದ. ‘ಬಿ’, ‘ಸೀಮ್’, ‘ಬಿಕಮ್’ ಅಂಥವು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಲಿಂಕ್ಡ್ ಟು’ ಎಂಬಲ್ಲಿ. ಕಡಿಮೆ ನಿದ್ರೆ ಹೆಚ್ಚು ತೂಕಕ್ಕೆ ‘ಲಿಂಕ್ಡ್’ ಎಂಬ ತಲೆಬರಹ ಇದೆ ಎಂದಿಟ್ಟುಕೊಳ್ಳಿ. ‘ನಿದ್ದೆಗೆಟ್ಟರೆ ತೂಕ ಏರುತ್ತದೆ’ ಎಂದು ಕನ್ನಡಕ್ಕೆ ತಂದರೆ ಮೂಲ ಹೇಳದ ಮಾತನ್ನು ಹೇಳಿದಂತಾಯಿತು. ಮೂಲ ಹೇಳುವುದು ಇಷ್ಟೇ: ಎರಡೂ ಒಟ್ಟಿಗೆ ಕಂಡುಬಂದಿವೆ. ತೂಕವೇ ನಿದ್ದೆ ಕೆಡಿಸುತ್ತಿರಬಹುದು. ಕೆಲಸದ ಒತ್ತಡದಂಥ ಮೂರನೆಯದೊಂದು ಎರಡಕ್ಕೂ ಕಾರಣವಾಗಿರಬಹುದು. ಕಾಕತಾಳೀಯವೂ ಇರಬಹುದು. ಸರಪಳಿಯ ಎರಡು ಕೊಂಡಿಗಳಲ್ಲಿ ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ನಿಂತ ಸರಪಳಿಯನ್ನು ನೋಡಿ ಹೇಳಲಾಗದು. ಇಲ್ಲಿ ‘ಕಾರಣ’, ‘ಪರಿಣಾಮ’ ಎಂಬ ಪದಗಳನ್ನು ಬಳಸಬೇಡಿ. ‘ನಂಟು ಕಂಡುಬಂದಿದೆ’ ಎಂದರೆ ಸಾಕು, ಅದು ಪ್ರಾಮಾಣಿಕ. ಓದುಗರ ಆರೋಗ್ಯದ ವಿಷಯದಲ್ಲಿ ಇಷ್ಟು ಎಚ್ಚರ ಅನುವಾದಕರ ಕರ್ತವ್ಯ.

ಹಂತ 7: ಕನ್ನಡದಲ್ಲಿ ಯಾವ ಪದ

ನೆರೆಯ ಪದಗಳನ್ನು ಪಕ್ಕದಲ್ಲಿ ಇಟ್ಟು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ‘ಕನೆಕ್ಷನ್’ ಲ್ಯಾಟಿನ್ನಿನ ಕಟ್ಟು ಎಂಬ ಧಾತುವಿನಿಂದ ಬಂದದ್ದು, ಎಲ್ಲಕ್ಕಿಂತ ವಿಶಾಲವಾದದ್ದು. ‘ಕಾಂಟ್ಯಾಕ್ಟ್’ನಲ್ಲಿ ತಾಗುವಿಕೆ ಇದೆ, ಅದಕ್ಕೆ ‘ಸಂಪರ್ಕ’ ಒಪ್ಪುತ್ತದೆ. ‘ಬಾಂಡ್’ ಬಿಗಿಯಾದ ಕಟ್ಟು; ಅದೂ ನಮ್ಮ ‘ಬಂಧ’, ‘ಸಂಬಂಧ’ಗಳೂ ನಿಜವಾಗಿಯೇ ಒಂದೇ ಬೇರಿನವು. ‘ಜಾಯಿನ್’, ‘ಜಂಕ್ಷನ್’ಗಳಿಗೂ ‘ಯೋಗ’, ‘ಸಂಯೋಗ’ಗಳಿಗೂ ಅಂಥದೇ ರಕ್ತಸಂಬಂಧ. ಇವುಗಳ ನಡುವೆ ಲಿಂಕ್‌ನ ವಿಶೇಷ ಏನೆಂದರೆ, ಸೇರಿದ ಮೇಲೂ ಎರಡು ವಸ್ತುಗಳು ಎರಡಾಗಿಯೇ ಉಳಿಯುತ್ತವೆ. ಹಾಗಾಗಿ ‘ಬೆಸುಗೆ’ ಎಂಬುದು ಲಿಂಕ್‌ಗೆ ಹೊಂದುವುದಿಲ್ಲ. ಬೆಸೆದ ಮೇಲೆ ಬಿಡಿಯಾಗಿ ಆಡುವುದಕ್ಕೆ ಏನೂ ಉಳಿಯುವುದಿಲ್ಲ.

ಸರಪಳಿ, ಆಭರಣ, ವಾದದ ಸರಣಿ ಇವಕ್ಕೆ ‘ಕೊಂಡಿ’. ಅಂಕಿಅಂಶಗಳ ನಡುವೆ, ಮನುಷ್ಯರ ನಡುವೆ ‘ನಂಟು’. ಎರಡು ಖಾತೆಗಳ ವಿಷಯದಲ್ಲಿ ‘ಜೋಡಿಸು’ ಎಂಬ ಕ್ರಿಯಾಪದ ಚೊಕ್ಕವಾಗಿ ಕೆಲಸ ಮಾಡುತ್ತದೆ. ಯಂತ್ರದ ಲಿಂಕ್‌ಗೆ ಕೊಂಡಿ ಎಂದರೆ ಓದುಗರ ಕಣ್ಣಿಗೆ ಉಂಗುರ ಬಂದು ಗೊಂದಲವಾಗುತ್ತದೆ, ಅಲ್ಲಿ ‘ಲಿಂಕ್’ ಎಂದೇ ಉಳಿಸಿ ಒಮ್ಮೆ ವಿವರಿಸುವುದು ಮೇಲು. ಅಳತೆಯ ಲಿಂಕನ್ನೂ ಅನುವಾದಿಸಬೇಡಿ. ಅಡಿ, ಎಕರೆಗಳಂತೆ ಅದೊಂದು ಮಾನದ ಹೆಸರು. ವೆಬ್ ವಿಷಯಕ್ಕೆ ಬರಹದಲ್ಲಿ ಕೊಂಡಿ, ಮಾತಿನಲ್ಲಿ ಲಿಂಕ್ ಎರಡೂ ನೆಲೆಯೂರಿವೆ, ಒಂದೇ ಲೇಖನದಲ್ಲಿ ಎರಡನ್ನೂ ಬೆರೆಸದಿದ್ದರಾಯಿತು.

‘ಮಿಸ್ಸಿಂಗ್ ಲಿಂಕ್’ ಬಂದಾಗ ಸ್ವಲ್ಪ ನಿಲ್ಲಿ. ಜೀವಿಗಳೆಲ್ಲ ಒಂದೇ ಸರಪಳಿಯಲ್ಲಿ ಮೇಲುಕೀಳಾಗಿ ಪೋಣಿಸಿಕೊಂಡಿವೆ ಎಂಬ ಹಳೆಯ ಕಲ್ಪನೆಯ ಮೇಲೆ ನಿಂತ ನುಡಿಗಟ್ಟು ಅದು. ವಿಕಾಸ ನಡೆಯುವುದು ಮರದ ಕೊಂಬೆಗಳಂತೆ ಕವಲೊಡೆದು, ಆದ್ದರಿಂದ ಜೀವವಿಜ್ಞಾನಿಗಳು ಈ ಪದವನ್ನು ಇಷ್ಟಪಡುವುದಿಲ್ಲ. ಪಳೆಯುಳಿಕೆಯ ಸುದ್ದಿಯಲ್ಲಿ ‘ನಡುವಣ ರೂಪ’ ಎಂದರೆ ವಿಷಯ ಸರಿಯಾಗಿ ಮುಟ್ಟುತ್ತದೆ. ಪತ್ತೇದಾರಿಕೆಯ ಅರ್ಥದಲ್ಲಿ ಬಂದರೆ ‘ಸಿಗದ ಕೊಂಡಿ’ ಎನ್ನಬಹುದು. ‘ಕಳಚಿದ ಕೊಂಡಿ’ ಎಂದು ಮಾತ್ರ ಬರೆಯಬೇಡಿ. ಕನ್ನಡದಲ್ಲಿ ಅದು ಹಿರಿಯರೊಬ್ಬರು ತೀರಿಕೊಂಡಾಗ ಹೇಳುವ ಮಾತು.